ಕಣ್ಣು ಮುಚ್ಚಿ ಟಿವಿ ನೋಡಿದ ಸಂಜೆ

ಮಕ್ಕಳೇ, ನಿಮಗೊಂದು ಪ್ರಶ್ನೆ. ಟಿವಿಯನ್ನು ಯಾವತ್ತಾದರೂ ಕಣ್ಣು ಮುಚ್ಚಿಕೊಂಡು ನೋಡಿದ್ದೀರಾ? ‘ಈ ಅಜ್ಜಿಗೆ ಏನಾಗಿದೆ, ಕಣ್ಣು ಮುಚ್ಚಿಕೊಂಡರೆ ನೋಡುವುದೇನು ಬಂತು’ ಎಂದು ನಗಬೇಡಿ. ಎಪ್ಪತ್ತು ದಾಟಿದ ಮೇಲೆ ನಾನು ಈ ಆಟ ಕಲಿತೆ. ಕಲಿಸಿದವಳು ನನ್ನ ಮೊಮ್ಮಗಳು ಪುಟ್ಟಿ. ಆರನೇ ಕ್ಲಾಸು.

2024ರ ಏಪ್ರಿಲ್, ಮೇ ತಿಂಗಳು ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಮೈಸೂರಿನಲ್ಲಾದರೆ ತರಕಾರಿ ಗಾಡಿಯವನ ಜೊತೆಗಾದರೂ ನಾಲ್ಕು ಮಾತಾಡಬಹುದು. ಅಲ್ಲಿ ಟಿವಿಯೇ ನನಗೆ ನೆಂಟ. ಸಂಜೆ ಆರೂವರೆಗೆ ವಾರ್ತೆ ಬರುತ್ತಿತ್ತು. ನಾನು ಹುರುಳಿಕಾಯಿ ಬಿಡಿಸುತ್ತಾ ಕೂರುತ್ತಿದ್ದೆ, ಪುಟ್ಟಿ ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದಳು.

ವಾರ್ತೆಯ ನಡುವೆ ಬರುವ ಜಾಹೀರಾತು ನೋಡಿ ಮೊದಲ ವಾರ ನನಗೆ ಬೆರಗಾಯಿತು. ನಮ್ಮಲ್ಲಿ ಸೋಪು, ಟೀಪುಡಿ, ಬಂಗಾರದ ಅಂಗಡಿ, ಹೆಚ್ಚೆಂದರೆ ನೋವಿಗೆ ಹಚ್ಚುವ ಮುಲಾಮು. ಅಲ್ಲಿ ಒಂದಾದ ಮೇಲೊಂದು ಮಾತ್ರೆ, ಇಂಜೆಕ್ಷನ್. ಅವು ಸುಮ್ಮನೆ ಅಂಗಡಿಗೆ ಹೋಗಿ ಕೊಳ್ಳುವ ಔಷಧಗಳಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟರೆ ಮಾತ್ರ ಸಿಗುವಂಥವು. ನಾನು ಬರೆಸಿಕೊಳ್ಳಲು ಆಗದ್ದನ್ನು, ಡಾಕ್ಟರೇ ಬರೆಯಬೇಕಾದ್ದನ್ನು, ನನಗೇಕೆ ತೋರಿಸುತ್ತಾರೆ? ಈ ಪ್ರಶ್ನೆ ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಅದರಲ್ಲಿ ಒಂದು ಜಾಹೀರಾತು ನನ್ನನ್ನು ಹಿಡಿದುಕೊಂಡುಬಿಟ್ಟಿತು. ಔಷಧದ ಹೆಸರು ಇಲ್ಲಿ ಬೇಡ. ನನ್ನ ವಯಸ್ಸಿನ ಹೆಂಗಸೊಬ್ಬಳು ಕಿಟಕಿಯ ಬಳಿ ಕೂತಿದ್ದಾಳೆ. ಮನೆಯೆಲ್ಲ ಮಬ್ಬು ಮಬ್ಬು. ಹೊರಗೆ ಮೊಮ್ಮಗ ಆಡುತ್ತಿದ್ದಾನೆ, ಇವಳು ಮಂಡಿ ಹಿಡಿದುಕೊಂಡು ಸಪ್ಪೆ ಮೋರೆ ಮಾಡುತ್ತಾಳೆ. ಆಮೇಲೆ ಔಷಧದ ಹೆಸರು ಬರುತ್ತದೆ. ಸಂಗೀತ ಏರುತ್ತದೆ. ಅದೇ ಹೆಂಗಸು ಬಿಸಿಲಿನಲ್ಲಿ, ಹಸಿರು ತೋಟದಲ್ಲಿ, ನೆಲದ ಮೇಲೆ ಮಂಡಿಯೂರಿ ಗಿಡ ನೆಡುತ್ತಿದ್ದಾಳೆ. ಮೊಮ್ಮಗ ಓಡಿ ಬಂದು ಕುತ್ತಿಗೆಗೆ ಜೋತು ಬೀಳುತ್ತಾನೆ. ಹಿಂದೆ ಒಂದು ನಾಯಿಮರಿ ಚೆಂಡು ಕಚ್ಚಿಕೊಂಡು ಓಡುತ್ತದೆ.

ನನಗೂ ಮಂಡಿನೋವು. ನೆಲದ ಮೇಲೆ ಕೂತು ಪುಟ್ಟಿಯ ಜೊತೆ ಚೌಕಾಬಾರ ಆಡಿ ನಾಲ್ಕು ವರ್ಷವಾಗಿತ್ತು. ಮೂರನೇ ಸಲ ಆ ಜಾಹೀರಾತು ಬಂದಾಗ ಕಣ್ಣಲ್ಲಿ ನೀರು ಬಂತು. ನಾಲ್ಕನೇ ಸಲ ಎದ್ದು ಹೋಗಿ ಕ್ಯಾಲೆಂಡರಿನ ಹಾಳೆಯ ಹಿಂದೆ ಔಷಧದ ಹೆಸರು ಬರೆದುಕೊಂಡೆ. ರಾತ್ರಿ ಮಗಳಿಗೆ, “ಡಾಕ್ಟರ ಹತ್ತಿರ ಕರಕೊಂಡು ಹೋಗೇ, ಈ ಔಷಧ ಬರೆಸಿಕೊಳ್ಳೋಣ” ಅಂದೆ. ಕಾಯಿಲೆ ಯಾವುದೆಂದು ನಾನೇ ತೀರ್ಮಾನಿಸಿ, ಔಷಧವನ್ನೂ ನಾನೇ ಆರಿಸಿ, ಡಾಕ್ಟರಿಗೆ ಬರೀ ಸಹಿ ಹಾಕುವ ಕೆಲಸ ಉಳಿಸಿದ್ದೆ. ಶುಕ್ರವಾರಕ್ಕೆ ಸಮಯ ಸಿಕ್ಕಿತು.

ಗುರುವಾರ ಸಂಜೆ ಪುಟ್ಟಿ, “ಅಜ್ಜಿ, ನನ್ನ ಹೋಂವರ್ಕಿಗೆ ನೀನು ಬೇಕು” ಅಂದಳು. ಒಂದು ಜಾಹೀರಾತನ್ನು ಆರಿಸಿಕೊಂಡು ಅದು ನಮ್ಮನ್ನು ಹೇಗೆ ಒಪ್ಪಿಸುತ್ತದೆ ಎಂದು ಬರೆದುಕೊಂಡು ಹೋಗಬೇಕಂತೆ. ಯಾವ ಸುದ್ದಿಯನ್ನು ಎಷ್ಟು ನಂಬಬೇಕು, ಯಾರು ಯಾಕೆ ಹೇಳುತ್ತಿದ್ದಾರೆ ಎಂಬುದನ್ನು ಶಾಲೆಯಲ್ಲೇ ಕಲಿಸಬೇಕೆಂದು ನ್ಯೂಜೆರ್ಸಿ ರಾಜ್ಯ 2023ರಲ್ಲಿ ಕಾನೂನನ್ನೇ ಮಾಡಿದೆ. ಪುಟ್ಟಿ ಆರಿಸಿಕೊಂಡದ್ದು ನನ್ನ ಮಂಡಿಯ ಜಾಹೀರಾತನ್ನೇ. ಫೋನಿನಲ್ಲಿ ಅದನ್ನು ಹುಡುಕಿ ಟಿವಿಗೆ ಹಾಕಿದಳು.

“ಮೊದಲು ಶಬ್ದ ಇಲ್ಲದೆ ನೋಡು” ಅಂದಳು. ನೋಡಿದೆ. ಒಂದು ನಿಮಿಷದ ಚಿತ್ರ. ತೋಟ, ಮಗು, ನಾಯಿಮರಿ, ಹುಟ್ಟುಹಬ್ಬದ ಊಟ. ಔಷಧದ ಜಾಹೀರಾತೆಂದು ಯಾರೂ ಹೇಳಲಾರರು. ಯಾವುದೋ ಸುಖೀ ಸಂಸಾರದ ಸಿನಿಮಾ.

“ಈಗ ಕಣ್ಣು ಮುಚ್ಚಿಕೋ. ಬರೀ ಕೇಳು.”

ಕಣ್ಣು ಮುಚ್ಚಿದೆ. ಹತ್ತು ಸೆಕೆಂಡ್ ಚೆನ್ನಾಗಿತ್ತು. ಆಮೇಲೆ ಅದೇ ಮಧುರ ದನಿ, ಅದೇ ಹಿತವಾದ ಸಂಗೀತ, ಆದರೆ ಮಾತುಗಳು ಬೇರೆ. ಸೋಂಕುಗಳನ್ನು ಎದುರಿಸುವ ಶಕ್ತಿ ಕುಗ್ಗಬಹುದು. ಪ್ರಾಣಾಪಾಯದ ಸೋಂಕುಗಳು ಬರಬಹುದು. ಕೆಲವು ಬಗೆಯ ಕ್ಯಾನ್ಸರ್ ಕಂಡುಬಂದಿದೆ. ಔಷಧ ಶುರುಮಾಡುವ ಮುಂಚೆ ಟಿಬಿ ಪರೀಕ್ಷೆ ಮಾಡಿಸಿಕೊಳ್ಳಿ. ಹಿಂದೆ ಟಿಬಿ ಆಗಿದ್ದರೆ ನಿಮ್ಮ ಡಾಕ್ಟರಿಗೆ ತಿಳಿಸಿ.

ನನ್ನ ಕೈ ತಣ್ಣಗಾಯಿತು.

ಮಕ್ಕಳೇ, 1974ರಲ್ಲಿ ನನಗೆ ಟಿಬಿ ಆಗಿತ್ತು. ಆಗಷ್ಟೇ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದೆ, ಇಪ್ಪತ್ತೆರಡು ವರ್ಷ. ಮೈಸೂರಿನ ಪಿ.ಕೆ.ಟಿ.ಬಿ. ಆಸ್ಪತ್ರೆಯಲ್ಲಿ ತೋರಿಸಿ, ಒಂದೂವರೆ ವರ್ಷ ಇಂಜೆಕ್ಷನ್, ಮಾತ್ರೆ ತೆಗೆದುಕೊಂಡು ಪೂರ್ತಿ ಗುಣವಾದೆ. ಆದರೆ ಆ ಕಾಲದಲ್ಲಿ ಕ್ಷಯ ಅಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. “ಮದುವೆಯಾಗಬೇಕಾದ ಹುಡುಗಿ, ಯಾರಿಗೂ ಹೇಳಬೇಡ” ಎಂದು ನಮ್ಮಮ್ಮ ದೇವರ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡರು. ಯಜಮಾನರಿಗೆ ಮದುವೆಯಾದ ಮೇಲೆ ಹೇಳಿದೆ. ಮಗಳಿಗೆ ಹೇಳಿರಲೇ ಇಲ್ಲ. ಡಾಕ್ಟರು ಯಾರೂ ಕೇಳಲಿಲ್ಲ, ನಾನೂ ಮರೆತಂತೆ ಇದ್ದುಬಿಟ್ಟೆ.

ಆ ಮಾತನ್ನು ಜಾಹೀರಾತು ನಾಲ್ಕು ಸಲ ನನ್ನ ಕಿವಿಗೆ ಹೇಳಿತ್ತು. ನಾಲ್ಕು ಸಲವೂ ನಾನು ಕೇಳಿಸಿಕೊಂಡಿರಲಿಲ್ಲ. ಇಂಗ್ಲಿಷ್ ಬರದೆ ಅಲ್ಲ. ಆ ಹೊತ್ತಿಗೆ ನಾನು ನಾಯಿಮರಿಯನ್ನು ನೋಡುತ್ತಿದ್ದೆ.

ಆ ರಾತ್ರಿ ಊಟವಾದ ಮೇಲೆ ಮಗಳ ಮುಂದೆ ಕೂತು ಐವತ್ತು ವರ್ಷದ ಹಳೆಯ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡಿದ್ಯಾ ಅಮ್ಮಾ?” ಅಂದಳು. ಅಷ್ಟೇ. ನಾನು ಹೆದರಿದ್ದಂಥದ್ದು ಏನೂ ಆಗಲಿಲ್ಲ.

ಮಾರನೇ ದಿನ ಡಾಕ್ಟರು ಮಂಡಿಯನ್ನು ಮಡಿಸಿ, ಚಾಚಿಸಿ ನೋಡಿದರು, ಎಕ್ಸ್‌ರೇ ತೆಗೆಸಿದರು. ನನ್ನದು ವಯಸ್ಸಿಗೆ ಮಂಡಿಯ ಕೀಲು ಸವೆದು ಬರುವ ನೋವು. ನಾನು ಹೆಸರು ಬರೆದುಕೊಂಡು ಹೋಗಿದ್ದ ಔಷಧ ಬೇರೊಂದು ಕಾಯಿಲೆಯದು. ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಕೀಲುಗಳ ಮೇಲೆ ದಾಳಿ ಮಾಡುವ ಸಂಧಿವಾತ ಅದು. ಆ ಔಷಧ ರಕ್ಷಣಾ ಪಡೆಯ ಕೈ ಕಟ್ಟುತ್ತದೆ. ಅಂಥ ಸಂಧಿವಾತ ಇರುವವರಿಗೆ ಅದು ದೊಡ್ಡ ವರ. ಆದರೆ ಹಿಂದೆ ಟಿಬಿ ಆದವರ ಮೈಯಲ್ಲಿ ಆ ರೋಗಾಣು ನಿದ್ದೆ ಮಾಡುತ್ತಾ ಉಳಿದಿರಬಹುದು. ಕಾವಲುಗಾರನ ಕೈ ಕಟ್ಟಿದರೆ ಅದು ಎದ್ದು ಕೂರಬಹುದು. ಹಾಗಾಗಿ ಕೊಡುವ ಮುಂಚೆ ಪರೀಕ್ಷೆ ಬೇಕೇ ಬೇಕು. “ನಿಮಗೆ ಅದರ ಅಗತ್ಯವೇ ಇಲ್ಲ. ಆದರೆ ಟಿಬಿ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು” ಎಂದು ಡಾಕ್ಟರು ಬರೆದಿಟ್ಟುಕೊಂಡರು. ನನಗೆ ಸಿಕ್ಕಿದ್ದು ಕುರ್ಚಿಯಲ್ಲಿ ಕೂತು ಕಾಲು ಚಾಚಿ ಇಳಿಸುವ ವ್ಯಾಯಾಮ.

ಮೂವತ್ತೆರಡು ವರ್ಷ ಮಕ್ಕಳಿಗೆ ‘ಲೆಕ್ಕ ಪೂರ್ತಿ ಓದಿ, ಆಮೇಲೆ ಬಿಡಿಸಿ’ ಎಂದು ಹೇಳಿದವಳು ನಾನು. ನನ್ನಂಥವಳನ್ನೇ ಇದು ಹೇಗೆ ಹಿಡಿಯಿತು ಎಂದು ತಿಳಿಯುವ ಹಟ ಬಂತು. ಪುಟ್ಟಿಯ ಜೊತೆ ಅವರ ಊರಿನ ಲೈಬ್ರರಿಗೆ ಹೋಗಿ ಓದಿದೆ. ಓದಿದ್ದನ್ನು ನಿಮಗೆ ಹೇಳುತ್ತೇನೆ.

ಚೀಟಿಯ ಔಷಧವನ್ನು ಹೀಗೆ ಹೆಸರು ಹೇಳಿ, ಗುಣ ಹೇಳಿ ಜನರಿಗೆ ನೇರವಾಗಿ ಜಾಹೀರಾತು ಮಾಡಲು ಬಿಡುವ ಶ್ರೀಮಂತ ದೇಶಗಳು ಎರಡೇ, ಅಮೆರಿಕ ಮತ್ತು ನ್ಯೂಜಿಲೆಂಡ್. ಅಮೆರಿಕದಲ್ಲೂ ಮೊದಲು ಹೀಗಿರಲಿಲ್ಲ. ಕಂಪನಿಗಳು ಡಾಕ್ಟರುಗಳು ಓದುವ ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿದ್ದವು. ಔಷಧದ ಒಳ್ಳೆಯದನ್ನು ಹೇಳಿದರೆ ಅಪಾಯವನ್ನೂ ಹೇಳಬೇಕೆಂಬುದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮ. ಅಪಾಯಗಳ ಪಟ್ಟಿ ಉದ್ದ, ಟಿವಿಯ ಸಮಯ ಚಿಕ್ಕದು. 1997ರಲ್ಲಿ ಎಫ್‌ಡಿಎ ಒಂದು ದಾರಿ ಹೇಳಿತು. ಮುಖ್ಯ ಅಪಾಯಗಳನ್ನು ಬಾಯಲ್ಲಿ ಹೇಳಿ, ಉಳಿದದ್ದಕ್ಕೆ ಫೋನ್ ನಂಬರ್, ವೆಬ್‌ಸೈಟ್, ಪತ್ರಿಕೆಯ ಪುಟ ತೋರಿಸಿ, ಡಾಕ್ಟರನ್ನು ಕೇಳಲು ಹೇಳಿದರೆ ಸಾಕು. ಅಲ್ಲಿಂದ ಬಾಗಿಲು ತೆರೆಯಿತು.

ಅಂದರೆ ಅಪಾಯವನ್ನು ಮುಚ್ಚಿಡುವಂತಿಲ್ಲ. ಹೇಳಲೇಬೇಕು. ಹೇಳಿಯೂ ಕೇಳಿಸದಂತೆ ಮಾಡುವುದರಲ್ಲಿದೆ ಜಾಣತನ. ಇದೇ ಮೊದಲ ತಂತ್ರ. ಕಿವಿಗೆ ಅಪಾಯದ ಪಟ್ಟಿ, ಕಣ್ಣಿಗೆ ನಾಯಿಮರಿ. ಕಣ್ಣು ಕಿವಿ ಎರಡೂ ಎರಡು ದಿಕ್ಕಿಗೆ ಎಳೆದಾಗ ಸಾಮಾನ್ಯವಾಗಿ ಕಣ್ಣೇ ಗೆಲ್ಲುತ್ತದೆ.

ಎರಡನೆಯದು ಕಥೆ. ಕಳೆದುಕೊಂಡದ್ದು, ಮರಳಿ ಸಿಕ್ಕಿದ್ದು. ಮೊದಲು ಮಬ್ಬು ಬಣ್ಣ, ಆಮೇಲೆ ಬಿಸಿಲು. 2007ರಲ್ಲಿ ಅಮೆರಿಕದ ಸಂಶೋಧಕರು ಟಿವಿಯ 38 ಔಷಧ ಜಾಹೀರಾತುಗಳನ್ನು ಬಿಡಿಸಿ ನೋಡಿ ಒಂದು ವರದಿ ಪ್ರಕಟಿಸಿದರು. ನೂರಕ್ಕೆ 95ರಷ್ಟು ಜಾಹೀರಾತುಗಳು ಮನಸ್ಸಿನ ಭಾವನೆಯನ್ನು ಮೀಟುತ್ತಿದ್ದವು. ಕಾಯಿಲೆ ಏಕೆ ಬರುತ್ತದೆ ಎಂದು ಹೇಳಿದ್ದು ನೂರಕ್ಕೆ 26 ಮಾತ್ರ. ಔಷಧದ ಬದಲು ಊಟ, ವ್ಯಾಯಾಮ ಸರಿಮಾಡಿಕೊಂಡು ನೋಡಬಹುದು ಎಂದು ಹೇಳಿದ ಜಾಹೀರಾತು ಒಂದೂ ಇರಲಿಲ್ಲ. ನನ್ನ ಕಾಲು ಚಾಚುವ ವ್ಯಾಯಾಮಕ್ಕೆ ಯಾರು ಜಾಹೀರಾತು ಕೊಡುತ್ತಾರೆ ಹೇಳಿ!

ಮೂರನೆಯದು ಹಾಡು. ಒಜೆಂಪಿಕ್ ಎಂಬ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನಿನ ಜಾಹೀರಾತಿಗೆ 1970ರ ದಶಕದಲ್ಲಿ ಪೈಲಟ್ ಎಂಬ ತಂಡ ಹಾಡಿದ ‘ಮ್ಯಾಜಿಕ್’ ಎಂಬ ಜನಪ್ರಿಯ ಹಾಡಿನ ಧಾಟಿ ಹಾಕಿದ್ದಾರೆ. ಆಗ ಆ ಹಾಡಿಗೆ ಕುಣಿದ ಹುಡುಗ ಹುಡುಗಿಯರು ಈಗ ಅಜ್ಜ ಅಜ್ಜಿಯರು, ಸಕ್ಕರೆ ಕಾಯಿಲೆಯ ವಯಸ್ಸಿನವರು. ನಮಗೆ ರಾಜ್‌ಕುಮಾರ್ ಅವರ ಹಳೆಯ ಚಿತ್ರಗೀತೆಯ ಧಾಟಿಯಲ್ಲಿ ಮಾತ್ರೆಯ ಹೆಸರು ಹಾಡಿದರೆ ಹೇಗಿರುತ್ತದೆ, ಯೋಚಿಸಿ. ಬೇಡವೆಂದರೂ ಬಾಯಿಗೆ ಬಂದುಬಿಡುತ್ತದೆ.

ನಾಲ್ಕನೆಯದು ಪರಿಚಿತ ಮುಖ. ವಯಾಕ್ಸ್ ಎಂಬ ಕೀಲುನೋವಿನ ಮಾತ್ರೆ 1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1976ರ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲೆ ಸ್ಕೇಟಿಂಗ್ ಮಾಡಿ ಚಿನ್ನ ಗೆದ್ದ ಡೊರೊಥಿ ಹ್ಯಾಮಿಲ್ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. 2000ನೇ ಇಸವಿಯೊಂದರಲ್ಲೇ ಆ ಮಾತ್ರೆಯನ್ನು ಜನರಿಗೆ ಜಾಹೀರಾತು ಮಾಡಲು ಕಂಪನಿ ಸುಮಾರು 16 ಕೋಟಿ ಡಾಲರ್ ಖರ್ಚು ಮಾಡಿತು. ಆ ವರ್ಷ ಪೆಪ್ಸಿಯ ಜಾಹೀರಾತಿಗೆ ಆದ ಖರ್ಚಿಗಿಂತಲೂ ಅದು ಹೆಚ್ಚು. ಅದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಪರೀಕ್ಷೆಯಲ್ಲಿ ಕಂಡು, 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ಅದನ್ನು ವಾಪಸು ತೆಗೆದುಕೊಂಡಿತು. ಚಿನ್ನ ಗೆದ್ದ ಕಾಲುಗಳಿಗೂ ಮಾತ್ರೆಯ ಒಳ್ಳೆಯ ಕೆಟ್ಟ ಗುಣಕ್ಕೂ ಸಂಬಂಧವಿಲ್ಲ.

ಐದನೆಯದು ಲೆಕ್ಕ. ಇದು ನನ್ನ ಕ್ಷೇತ್ರ! ಲಿಪಿಟಾರ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯ ಜಾಹೀರಾತಿನಲ್ಲಿ ‘ಹೃದಯಾಘಾತದ ಅಪಾಯ 36 ಶೇಕಡಾ ಕಡಿಮೆ’ ಎಂದು ದೊಡ್ಡದಾಗಿ ಹಾಕಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಔಷಧವಿಲ್ಲದ ಸಕ್ಕರೆ ಗುಳಿಗೆ ತಿಂದ 100 ಜನರಲ್ಲಿ 3 ಜನರಿಗೆ ಹೃದಯಾಘಾತವಾಯಿತು. ನಿಜವಾದ ಮಾತ್ರೆ ತಿಂದ 100 ಜನರಲ್ಲಿ 2 ಜನರಿಗೆ ಆಯಿತು. ಮೂರು ಇದ್ದದ್ದು ಎರಡಾದರೆ ಕಡಿಮೆಯಾದದ್ದು ಮೂರನೇ ಒಂದು ಭಾಗ. ದಶಾಂಶಗಳನ್ನೂ ಹಿಡಿದರೆ 36 ಶೇಕಡಾ ಬರುತ್ತದೆ. ಸುಳ್ಳಲ್ಲ. ಆದರೆ ನೂರು ಜನ ಮಾತ್ರೆ ತಿಂದರೆ ಉಳಿದುಕೊಂಡದ್ದು ಒಬ್ಬರು ಎನ್ನುವುದೂ ಅದೇ ಲೆಕ್ಕದ ಇನ್ನೊಂದು ಮುಖ. ಅಪಾಯ ಹೆಚ್ಚಿರುವವರಿಗೆ ಆ ಒಬ್ಬರೂ ದೊಡ್ಡದೇ, ಅದಕ್ಕೇ ಡಾಕ್ಟರು ಆ ಬಗೆಯ ಮಾತ್ರೆ ಕೊಡುತ್ತಾರೆ. ಎರಡೂ ಸಂಖ್ಯೆ ಒಂದೇ ಗಾತ್ರದ ಅಕ್ಷರದಲ್ಲಿ ಇರಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಅದೇ ಜಾಹೀರಾತಿನಲ್ಲಿ ಕೃತಕ ಹೃದಯದಿಂದ ಹೆಸರಾದ ರಾಬರ್ಟ್ ಜಾರ್ವಿಕ್ ಮಾತಾಡುತ್ತಿದ್ದರು. ಅವರು ರೋಗಿಗಳನ್ನು ನೋಡುವ ಪರವಾನಗಿ ಪಡೆದ ಡಾಕ್ಟರಲ್ಲ. ಕೆರೆಯಲ್ಲಿ ದೋಣಿ ಹುಟ್ಟು ಹಾಕುವ ದೃಶ್ಯದಲ್ಲಿ ಇದ್ದದ್ದು ಅವರ ಬದಲಿಗೆ ಬೇರೊಬ್ಬರು. ಇದು ಬೆಳಕಿಗೆ ಬಂದು ಟೀಕೆಯಾದಾಗ 2008ರಲ್ಲಿ ಕಂಪನಿ ಆ ಜಾಹೀರಾತನ್ನು ನಿಲ್ಲಿಸಿತು.

ಕೊನೆಯದು ಬಹಳ ವಿನಯದ ಮಾತು: ‘ನಿಮ್ಮ ಡಾಕ್ಟರನ್ನು ಕೇಳಿ.’ ಕೇಳುವುದರಲ್ಲಿ ತಪ್ಪೇನು ಅನ್ನಿಸುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಪರೀಕ್ಷಿಸಿತು. ನಟಿಯರಿಗೆ ರೋಗಿಗಳ ಪಾತ್ರ ಕಲಿಸಿ 152 ಡಾಕ್ಟರುಗಳ ಬಳಿ ಕಳಿಸಿದರು. ಕೆಲವರು ಕೆಲಸ ಹೋಗಿ ತಾತ್ಕಾಲಿಕವಾಗಿ ಮನಸ್ಸು ಕೆಟ್ಟವರಂತೆ ನಟಿಸಿದರು. ಅವರಲ್ಲಿ ಏನೂ ಕೇಳದೆ ಕೂತವರಿಗೆ ನೂರಕ್ಕೆ 10 ಸಲ ಖಿನ್ನತೆಯ ಮಾತ್ರೆ ಸಿಕ್ಕಿತು. ‘ಟಿವಿಯಲ್ಲಿ ನೋಡಿದೆ’ ಎಂದು ಔಷಧದ ಹೆಸರು ಹೇಳಿ ಕೇಳಿದವರಿಗೆ ನೂರಕ್ಕೆ 55 ಸಲ ಸಿಕ್ಕಿತು. ಡಾಕ್ಟರೂ ನಮ್ಮಂತೆ ಮನುಷ್ಯರೇ, ಆಸೆಯಿಂದ ಕೇಳಿದವರಿಗೆ ಇಲ್ಲ ಅನ್ನುವುದು ಕಷ್ಟ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಿಜವಾಗಿ ಖಿನ್ನತೆ ಇರುವವರ ಪಾತ್ರ ಮಾಡಿದವರಲ್ಲಿ, ಯಾವುದಾದರೂ ಔಷಧವಿದೆಯೇ ಎಂದು ಬಾಯಿಬಿಟ್ಟು ಕೇಳಿದವರಿಗೆ ಕೇಳದವರಿಗಿಂತ ಹೆಚ್ಚು ಸಲ ಔಷಧ ಸಿಕ್ಕಿತು. ಅಂದರೆ ಡಾಕ್ಟರ ಹತ್ತಿರ ಬಾಯಿ ಬಿಡಬೇಕು. ಔಷಧದ ಹೆಸರು ಹೇಳುವುದಕ್ಕಲ್ಲ, ನಮ್ಮ ಕಷ್ಟ ಹೇಳುವುದಕ್ಕೆ.

ನಾನು ವಾಪಸು ಬಂದ ಮೇಲೆ, ಅದೇ 2024ರ ನವೆಂಬರಿನಿಂದ ಎಫ್‌ಡಿಎಯ ಹೊಸ ನಿಯಮವೊಂದು ಅಲ್ಲಿ ಪೂರ್ತಿ ಜಾರಿಯಾಗಿದೆ. ಟಿವಿ ಜಾಹೀರಾತಿನಲ್ಲಿ ಮುಖ್ಯ ಅಪಾಯಗಳನ್ನು ಸಾಮಾನ್ಯರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಹೇಳುವ ಹೊತ್ತಿಗೇ ಅದು ಅಕ್ಷರದಲ್ಲೂ ಕಾಣಬೇಕು. ಆಗ ಗಮನ ಬೇರೆಡೆಗೆ ಎಳೆಯುವ ಚಿತ್ರ, ಸಂಗೀತ ಇರಬಾರದು. ಫೋನಿನಲ್ಲಿ ಪುಟ್ಟಿಗೆ ಹೇಳಿದೆ. “ಹಾಗಾದರೆ ನಾಯಿಮರಿ ಆ ಹೊತ್ತಿಗೆ ಸುಮ್ಮನೆ ಕೂರಬೇಕು ಅಜ್ಜಿ!” ಎಂದು ನಕ್ಕಳು.

ನಮ್ಮ ದೇಶದಲ್ಲಿ ಡಾಕ್ಟರ ಚೀಟಿಯ ಔಷಧಗಳು ಹೀಗೆ ಟಿವಿಗೆ ಬರುವುದಿಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಣ್ಣಿನ ಪೊರೆಯಂಥ ಕಾಯಿಲೆಗಳನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ತಡೆಯಲು 1954ರಿಂದಲೇ ಕಾಯಿದೆ ಇದೆ. ಹಾಗೆಂದು ನಾವು ನಿಶ್ಚಿಂತೆಯಾಗಿ ಕೂರುವಂತಿಲ್ಲ. ಅದೇ ತಂತ್ರಗಳು ಮುಲಾಮಿಗೂ ಬರುತ್ತವೆ, ಮಕ್ಕಳ ಪೌಷ್ಟಿಕ ಪುಡಿಗೂ ಬರುತ್ತವೆ, ವಾಟ್ಸಾಪಿನಲ್ಲಿ ‘ಇಪ್ಪತ್ತೇ ದಿನದಲ್ಲಿ ಮಂಡಿನೋವು ಮಾಯ’ ಎನ್ನುವ ವೀಡಿಯೋಗೂ ಬರುತ್ತವೆ.

ಅದಕ್ಕೇ ಈ ವಾರ ಮೊಮ್ಮಕ್ಕಳು ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಆಟ ಆಡಿ. ಒಂದು ಜಾಹೀರಾತನ್ನು ಶಬ್ದವಿಲ್ಲದೆ ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಮಕ್ಕಳು ಓದಿ ಹೇಳಿ, ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರು ಏನನ್ನು ಹೇಳಲಿಲ್ಲ?

ಹಿರಿಯರಿಗೆ ಎರಡು ಮಾತು. ಅಪಾಯಗಳ ಪಟ್ಟಿ ಕೇಳಿ ಹೆದರಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಆಸೆಗೆ ಔಷಧ ಕೇಳುವುದು ಎಷ್ಟು ತಪ್ಪೋ ಹೆದರಿಕೆಗೆ ಬಿಡುವುದೂ ಅಷ್ಟೇ ತಪ್ಪು. ಇನ್ನೊಂದು, ಹಿಂದೆ ಆದ ಕಾಯಿಲೆ ಯಾವುದಿದ್ದರೂ, ಟಿಬಿಯೋ ಮತ್ತೊಂದೋ, ನಾಚಿಕೆ ಬಿಟ್ಟು ಮಕ್ಕಳಿಗೂ ಡಾಕ್ಟರಿಗೂ ಹೇಳಿಬಿಡಿ. ಒಂದು ಹಾಳೆಯಲ್ಲಿ ಬರೆದು ಔಷಧದ ಡಬ್ಬಿಯಲ್ಲಿಡಿ. ನನ್ನ ಹಾಳೆಯನ್ನು ಪುಟ್ಟಿಯೇ ಬರೆದಳು, ತನ್ನ ಸೊಟ್ಟ ಸೊಟ್ಟ ಕನ್ನಡ ಅಕ್ಷರದಲ್ಲಿ. ಮೊದಲ ಸಾಲು ‘ಅಜ್ಜಿಗೆ 1974ರಲ್ಲಿ ಟಿಬಿ ಆಗಿತ್ತು, ಈಗ ಇಲ್ಲ’ ಎಂದಿದೆ.

ಚೌಕಾಬಾರ ಏನಾಯಿತು ಎಂದು ಕೇಳುತ್ತೀರಾ? ಹೊರಡುವ ಹಿಂದಿನ ದಿನ ಆಡಿದೆವು. ಮನೆಯನ್ನು ಊಟದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಕುರ್ಚಿಯ ಮೇಲೆ ಕೂತು. ಮೂರು ಆಟದಲ್ಲಿ ಎರಡನ್ನು ಪುಟ್ಟಿ ಗೆದ್ದಳು.